ಇಂಜಿನ್ನಿನ ಬಲಗಡೆ ಬಂದು ನಿಲ್ಲಿ

ನಮಸ್ಕಾರ. ನಿಮ್ಮ ‘ಕಾಡಿನ ಪುಟ್ಟ ರೈಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೋಗಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಕ್ಯಾಸ್ ಊರಿಗೆ. ಮರದ ದಿಮ್ಮಿ ಸಾಗಿಸಲು ಹಾಕಿದ್ದ ಹಳಿಯ ಮೇಲೆ ಅಲ್ಲಿ ಶೇಯ್ ಎಂಬ ಉಗಿ ಇಂಜಿನ್‌ಗಳು ಇವತ್ತಿಗೂ ಓಡುತ್ತವೆ. ಎಂಥಾ ವಿಷಯ! ಆದರೆ ನಿಮ್ಮ ಲೇಖನ ಕ್ಯಾಸ್ ತಲುಪುವುದು ಆರನೇ ಪುಟದಲ್ಲಿ. ಅಲ್ಲಿಯವರೆಗೆ ಜೇಮ್ಸ್ ವ್ಯಾಟ್, ಸ್ಟೀಫನ್‌ಸನ್, 1853ರ ಮುಂಬಯಿ–ಠಾಣೆ ರೈಲು. ಅವೆಲ್ಲ ಓದುಗರಿಗೆ ಗೊತ್ತು. ಆ ಐದು ಪುಟ ತೆಗೆದುಬಿಡಿ.

ಇನ್ನು ಸದ್ದಿನ ವಿಷಯ. ‘ಚುಕುಬುಕು ಎನ್ನುತ್ತ ನಿಧಾನವಾಗಿ ಬೆಟ್ಟ ಹತ್ತಿತು’ ಎಂದು ಬರೆದಿದ್ದೀರಿ. ಅದು ನಾವೆಲ್ಲ ಚಿಕ್ಕವರಿದ್ದಾಗ ಆಡಿದ ರೈಲಾಟದ ಸದ್ದು, ಶೇಯ್ ಇಂಜಿನ್ನಿನದಲ್ಲ. ಇದರಲ್ಲಿ ಸಾಮಾನ್ಯವಾಗಿ ಮೂರು ಸಿಲಿಂಡರ್ ಇರುತ್ತವೆ. ನಡುವೆ ಹಲ್ಲುಚಕ್ರ ಇರುವುದರಿಂದ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್, ಅಂದರೆ ಸಿಲಿಂಡರ್‌ಗಳು ತಿರುಗಿಸುವ ದಂಡ, ಸುಮಾರು ಎರಡು ಸುತ್ತು ಹಾಕಿರುತ್ತದೆ. ಹಾಗಾಗಿ ಹೊಲಿಗೆ ಮಿಷನ್ ತುಳಿದ ಹಾಗೆ ಬಿಡುವಿಲ್ಲದ ಸದ್ದು. ಕಣ್ಣು ಮುಚ್ಚಿದರೆ ಎಕ್ಸ್‌ಪ್ರೆಸ್ ಗಾಡಿ ಬಂತು ಅನ್ನಿಸಬೇಕು. ಕಣ್ಣು ಬಿಟ್ಟರೆ ಪಕ್ಕದಲ್ಲಿ ನಾವೇ ಓಡಿ ಹಿಡಿಯಬಹುದಾದಷ್ಟು ನಿಧಾನ. ಅಲ್ಲೇ ನಿಂತು ಇದನ್ನು ಕೇಳಿಯೂ ನೀವು ಬರೆಯಲಿಲ್ಲವಲ್ಲ, ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೆ.

ಇನ್ನೊಂದು ತಪ್ಪು. ‘ಇಂಜಿನ್ನಿನ ಎಡಗಡೆ ನಿಂತು ದಂಡಗಳು ಗಾಲಿ ತಿರುಗಿಸುವುದನ್ನು ನೋಡಿದೆ’ ಎಂದಿದ್ದೀರಿ. ಎಡಗಡೆ ನೋಡಲು ಏನೂ ಇಲ್ಲ. ಸಿಲಿಂಡರ್‌ಗಳು ಬಲಗಡೆ ನೆಟ್ಟಗೆ ನಿಂತಿರುತ್ತವೆ. ಆ ಭಾರ ಸರಿದೂಗಲಿ ಅಂತಲೇ ಬಾಯ್ಲರನ್ನು ಎಡಕ್ಕೆ ಸರಿಸಿ ಕೂರಿಸಿದ್ದಾರೆ. ಬಲಗಡೆಯ ಉದ್ದಕ್ಕೂ ಲಾರಿಯಡಿ ತಿರುಗುವಂಥದ್ದೇ ಒಂದು ಶಾಫ್ಟ್. ಅದರ ಹಲ್ಲುಗಳು ಪ್ರತಿ ಗಾಲಿಯನ್ನೂ ಹಿಡಿದು ತಿರುಗಿಸುತ್ತವೆ. ಶಾಫ್ಟಿನ ನಡುವೆ ಜಾಯಿಂಟ್‌ಗಳಿರುವುದರಿಂದ ಎಂಥ ತಿರುವಿನಲ್ಲೂ, ಸೊಟ್ಟ ಹಳಿಯ ಮೇಲೂ ಗಾಲಿ ಬಗ್ಗಿಕೊಂಡು ಹೋಗುತ್ತದೆ. ನೂರು ಅಡಿ ದೂರಕ್ಕೆ ಒಂಬತ್ತು ಅಡಿ ಏರುವ ದಾರಿ ಹತ್ತುವ ಗುಟ್ಟು ಇದೇ. ಇದನ್ನು ಬಿಟ್ಟು ‘ಮಾನವನ ಅದಮ್ಯ ಚೈತನ್ಯ’ ಅಂದರೆ ಓದುಗರಿಗೆ ಏನು ಕಾಣುತ್ತದೆ ಹೇಳಿ?

ಈ ಇಂಜಿನ್ ರೂಪಿಸಿದ ಎಫ್ರೇಮ್ ಶೇಯ್ ನೀವು ಬರೆದ ಹಾಗೆ ‘ಮಹಾನ್ ವಿಜ್ಞಾನಿ’ ಅಲ್ಲ, ಮಿಷಿಗನ್‌ನಲ್ಲಿ ಮರ ಕಡಿಸುತ್ತಿದ್ದವರು. ಚಳಿಗಾಲದಲ್ಲಿ ಹಿಮದ ಮೇಲೆ ದಿಮ್ಮಿ ಜಾರಿಸಿಕೊಂಡು ಬರಬೇಕು. ಹಿಮ ಕರಗಿದರೆ ಕೆಲಸ ನಿಂತಿತು. ಮರದ ಹಳಿ ಹಾಕಿ ಕುದುರೆ ಕಟ್ಟಿದರೆ ಇಳಿಜಾರಿನಲ್ಲಿ ಬಂಡಿ ಕುದುರೆಗಳ ಮೇಲೇ ನುಗ್ಗುತ್ತಿತ್ತು. ಆ ಕಷ್ಟದಿಂದ ಹುಟ್ಟಿದ ಇಂಜಿನ್ ಇದು. 1881ರಲ್ಲಿ ಪೇಟೆಂಟ್ ಸಿಕ್ಕಿತು. ಒಹಾಯೊದ ಲೈಮಾ ಊರಿನ ಕಾರ್ಖಾನೆ 1945ರವರೆಗೆ ಸುಮಾರು 2,770 ಇಂಜಿನ್ ಮಾಡಿತು. ಕುದುರೆಯ ಕಥೆ ಬರೆಯಿರಿ, ಬಿರುದು ಬೇಡ.

‘ಪುಟ್ಟ’ ಎಂಬ ಪದ ಹನ್ನೊಂದು ಸಲ ಬಂದಿದೆ. ಕಲ್ಲಿದ್ದಲಿನ ಸಣ್ಣ ಮಾರ್ಗವೊಂದಕ್ಕೆ 1945ರಲ್ಲಿ ಮಾಡಿದ ಕೊನೆಯ ಶೇಯ್ ಕೂಡ ಕ್ಯಾಸ್‌ನಲ್ಲೇ ಇದೆ. ಅದರ ತೂಕ 162 ಟನ್! ಮಾರ್ಗ ಚಿಕ್ಕದು, ಇಂಜಿನ್ ಎಲ್ಲ ಚಿಕ್ಕದಲ್ಲ.

ನನಗೆ ತುಂಬಾ ಹಿಡಿಸಿದ್ದು ಎಂಟನೇ ಪುಟದ ನಾಲ್ಕು ಸಾಲು. ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು, ಮೊಣಕಾಲೂರಿ, ಒಂದೊಂದೇ ಹಲ್ಲುಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ ಆ ಕೆಲಸಗಾರ. ಅವರ ಅಂಗೈ ಕಪ್ಪಾಗಿದ್ದನ್ನು ನೋಡಿದ್ದೀರಿ, ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಅವರೂ ಬಲಗಡೆಯೇ ಕೂತಿದ್ದರು, ಅಲ್ವಾ? ಅವರ ಜೊತೆ ಹತ್ತು ನಿಮಿಷ ಮಾತಾಡಿದೆ ಅಂತ ಬರೆದಿದ್ದೀರಿ, ಏನು ಮಾತಾಡಿದಿರಿ ಅಂತ ಬರೆದಿಲ್ಲ. ಅದನ್ನು ಸೇರಿಸಿ, ಎಂಟುನೂರು ಪದ ಮೀರದ ಹಾಗೆ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.