ಅಂಪೈರ್ ಹುಡುಗನ ಕೈ ನಡುಗುತ್ತಿತ್ತು

(ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರೆಲ್ಲರೂ ಒಪ್ಪಿದ್ದಾರೆ.)

ಶನಿವಾರ ಬೆಳಿಗ್ಗೆ 7ಕ್ಕೆ ಆಪ್ತಸಲಹೆ ಕೇಳಿ ನನಗೆ ವಿಡಿಯೋ ಕರೆ ಬಂತು. ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಅವರಿಗೆ ಅದು ಶುಕ್ರವಾರ ರಾತ್ರಿ 9.30. ಮಂಜುನಾಥ್ ಅಂತ ಕರೆಯೋಣ. ವಯಸ್ಸು 44, ತುಮಕೂರು ಕಡೆಯವರು, ಸಾಫ್ಟ್‌ವೇರ್ ಕೆಲಸ. ಮಗಳು ಸಿರಿಗೆ 11. ಆಕೆ ಆಡುವ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ ಆಟ) ತಂಡಕ್ಕೆ ಇವರೇ ಕೋಚ್. ಸಂಬಳ ಇಲ್ಲ. ಅಲ್ಲಿ ಮಕ್ಕಳ ತಂಡಗಳನ್ನು ನಡೆಸುವುದೇ ಹೆಚ್ಚಾಗಿ ಇಂಥ ಅಪ್ಪ, ಅಮ್ಮಂದಿರು.

"ಮೇಡಂ, ಒಂದು ವಾರದಿಂದ ಮಗಳು ನನ್ನ ಹತ್ತಿರ ಮಾತಾಡ್ತಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನನ್ನ ಗ್ರೌಂಡಿಂದ ಹೊರಗೆ ಹಾಕಿದ್ರು" ಅಂದರು.

ನಡೆದದ್ದು ಇಷ್ಟು. ಸಿರಿ ಪಿಚರ್, ಅಂದರೆ ಬ್ಯಾಟರಿಗೆ ಚೆಂಡು ಎಸೆಯುವವಳು. ಅವತ್ತು ಆಕೆ ಎಸೆದ ಚೆಂಡುಗಳಲ್ಲಿ ಜಾಸ್ತಿ ಪಾಲನ್ನು ಅಂಪೈರ್ 'ಬಾಲ್' ಅಂತ ಕೊಟ್ಟ, ಅಂದರೆ ಗುರಿ ತಪ್ಪಿದ ಎಸೆತ, ಸ್ಟ್ರೈಕ್ ಅಲ್ಲ. ನಾಲ್ಕು ಬಾಲ್ ಆದರೆ ಬ್ಯಾಟರ್ ನಡೆದುಕೊಂಡೇ ಮೊದಲ ಬೇಸಿಗೆ ಹೋಗುತ್ತಾಳೆ. ಹೀಗೆ ಬೇಸ್‌ಗಳೆಲ್ಲ ತುಂಬಿ ಎದುರು ತಂಡಕ್ಕೆ ಸುಮ್ನೆ ರನ್ ಸಿಕ್ಕಿತು. ಮಂಜುನಾಥ್ ಡಗ್‌ಔಟಿನಿಂದ (ತಂಡದವರು ಕೂರುವ ಜಾಗ) ಕೂಗತೊಡಗಿದರು. ಮೊದಲು "ಎಲ್ಲಿ ನೋಡ್ತಿದ್ದೀಯ?" ಆಮೇಲೆ "ಕಣ್ಣು ಕಾಣುತ್ತಾ?" ಅಂಪೈರ್ ಒಮ್ಮೆ ಎಚ್ಚರಿಕೆ ಕೊಟ್ಟ. ಇವರು ನಿಲ್ಲಿಸಲಿಲ್ಲ.

ನಾಲ್ಕನೇ ಇನ್ನಿಂಗ್ಸಿನಲ್ಲಿ ಬೇರೊಂದು ತಕರಾರು ಬಂತು. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಆದರೆ ಮೂರನೇ ಸ್ಟ್ರೈಕಿನ ಚೆಂಡನ್ನು ಬ್ಯಾಟರ್ ಹಿಂದಿರುವ ಕ್ಯಾಚರ್ ಕೈಬಿಟ್ಟರೆ ಬ್ಯಾಟರ್ ಮೊದಲ ಬೇಸಿಗೆ ಓಡಬಹುದು. ಅಲ್ಲಿ ಆಗಲೇ ಒಬ್ಬಳು ನಿಂತಿದ್ದು, ಎರಡು ಔಟ್ ಇನ್ನೂ ಆಗಿಲ್ಲದಿದ್ದರೆ ಓಡುವ ಹಾಗಿಲ್ಲ, ಬ್ಯಾಟರ್ ಔಟ್. ಅವತ್ತು ಒಂದೇ ಔಟ್ ಆಗಿತ್ತು, ಮೊದಲ ಬೇಸಿನಲ್ಲಿ ಹುಡುಗಿ ಇದ್ದಳು. ಆದರೂ ಅಂಪೈರ್ ಬ್ಯಾಟರನ್ನು ಸೇಫ್ ಅಂದ. ತಪ್ಪು ಅವನದೇ. ಮಂಜುನಾಥ್ ಓಡಿಹೋಗಿ ಅವನ ಮುಖದ ಹತ್ತಿರ ಬೆರಳು ಆಡಿಸಿದರು. ಅವನು ಇವರನ್ನೇ ಹೊರಗೆ ಹಾಕಿದ.

"ನಾನು ಹೇಳಿದ್ದು ಸರಿ ಇತ್ತಲ್ವಾ ಮೇಡಂ?"

"ಇತ್ತು" ಅಂದೆ. "ಅಷ್ಟು ಹೊತ್ತಿಗೆ ಅವನು ನಿಮ್ಮ ಮಾತು ಕೇಳೋದನ್ನ ಬಿಟ್ಟಿದ್ದ."

ಅಂಪೈರಿಗೆ ಎಷ್ಟು ವಯಸ್ಸು ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಅದನ್ನು ಹೇಳಿದ್ದು ಸಿರಿ. ಎರಡನೇ ಸಲ ಅವಳೊಬ್ಬಳ ಹತ್ತಿರವೇ ಮಾತಾಡಿದಾಗ, ಅವಳ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. "ಆಂಟಿ, ಅವನು ನನ್ನ ಫ್ರೆಂಡ್ ಅಣ್ಣ. ಸಿಕ್ಸ್‌ಟೀನ್." ಅಂಪೈರುಗಳ ಎಡಗೈಯಲ್ಲಿ ಇಂಡಿಕೇಟರ್ ಅಂತ ಒಂದು ಸಣ್ಣ ಸಾಧನ ಇರುತ್ತದೆ. ಬಾಲ್, ಸ್ಟ್ರೈಕ್, ಔಟ್ ಎಷ್ಟಾಯಿತು ಅಂತ ಹೆಬ್ಬೆರಳಿನಿಂದ ಅದರ ಚಕ್ರ ತಿರುಗಿಸಿ ಲೆಕ್ಕ ಇಡುತ್ತಾರೆ. ಅಪ್ಪ ಕೂಗುತ್ತಿದ್ದಾಗ ಆ ಹುಡುಗನ ಹೆಬ್ಬೆರಳು ಚಕ್ರದ ಮೇಲೆ ನಿಲ್ಲುತ್ತಿರಲಿಲ್ಲವಂತೆ. ಎರಡು ಸಲ ಜಾರಿತಂತೆ. ಮೂರನೇ ಸಲ ಅವನು ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡನಂತೆ. ಕ್ಯಾಮೆರಾದ ಮುಂದೆ ಸಿರಿ ತನ್ನ ಕೈಯಲ್ಲೇ ತೋರಿಸಿದಳು, ಹೀಗೆ ಅಂತ.

"ಅದು ಸ್ಟ್ರೈಕ್ ಆಗಿರಲಿಲ್ಲ ಆಂಟಿ. ನನಗೆ ಗೊತ್ತು. ಅಪ್ಪಂಗೆ ಮಾತ್ರ ಗೊತ್ತಿಲ್ಲ."

ಇಲ್ಲಿ ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಸಿರಿ ಹೋದ ವರ್ಷ 10 ವರ್ಷದೊಳಗಿನವರ ಗುಂಪಿನಲ್ಲಿದ್ದಳು. ಅಲ್ಲಿ ಪಿಚರ್ ನಿಲ್ಲುವುದು ಹೋಮ್ ಪ್ಲೇಟಿನಿಂದ (ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಫಲಕ) 35 ಅಡಿ ದೂರ, ಚೆಂಡಿನ ಸುತ್ತಳತೆ 11 ಇಂಚು. ಈ ವರ್ಷ 12 ವರ್ಷದೊಳಗಿನವರ ಗುಂಪಿಗೆ ಹೋದಳು. ದೂರ 40 ಅಡಿ, ಚೆಂಡು 12 ಇಂಚು. ಸಣ್ಣ ಕೈ, ದಪ್ಪ ಚೆಂಡು, ಅದರ ಜೊತೆಗೆ 5 ಅಡಿ ಜಾಸ್ತಿ ದೂರ. ಕೆಲವು ತಿಂಗಳು ಚೆಂಡು ಮೊಣಕಾಲಿಗಿಂತ ಕೆಳಗೆ ಇಳಿಯುವುದು ಸಹಜ. ಸ್ಟ್ರೈಕ್ ಆಗಬೇಕಾದರೆ ಅದು 17 ಇಂಚು ಅಗಲದ ಪ್ಲೇಟಿನ ಮೇಲೆ, ಬ್ಯಾಟರಿನ ಕಂಕುಳಿಗೂ ಮೊಣಕಾಲಿಗೂ ನಡುವೆ ಹಾಯಬೇಕು. ಡಗ್‌ಔಟ್ ಇರುವುದು ಪಕ್ಕದಲ್ಲಿ. ಅಲ್ಲಿಂದ ಎತ್ತರ ಅಷ್ಟಿಷ್ಟು ಗೊತ್ತಾದೀತು, ಪ್ಲೇಟಿನ ಮೇಲೆ ಹಾಯಿತೋ ಇಲ್ಲವೋ ತಿಳಿಯುವುದಿಲ್ಲ.

ಮೂರನೇ ಸಲ ಮಂಜುನಾಥರ ಶಾಲೆಯ ದಿನಗಳ ಮಾತು ಬಂತು. ನಾನಾಗಿ ಕೆದಕಲಿಲ್ಲ, ಅವರೇ ಹೇಳಿದರು. ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟದ ಖೋ-ಖೋ. ಬೆನ್ನಟ್ಟಿದವನ ಕೈ ಇವರಿಗೆ ತಾಗಿರಲೇ ಇಲ್ಲ, ಆದರೂ ಔಟ್ ಕೊಟ್ಟರು. ಇವರು ಪಿ.ಟಿ. ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ತಲೆ ತಗ್ಗಿಸಿಕೊಂಡು ನಿಂತಿದ್ದರು. "ನನ್ನ ಪರ ಒಬ್ಬರೂ ಬಾಯಿ ತೆಗೀಲಿಲ್ಲ ಮೇಡಂ. ನನ್ನ ಮಗಳಿಗೆ ಹಾಗಾಗಬಾರದು."

ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸಿರಿ ಅವತ್ತು ಅಪ್ಪನ ಕಡೆ ನೋಡಿದ್ದು ಸಹಾಯ ಬೇಡಿ ಅಲ್ಲ. ನಿಲ್ಲಿಸಲಿ ಅಂತ. ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ತುಂಬ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಮಾತನ್ನೂ ಅವರು ಹಿಂಜರಿಯುತ್ತಲೇ ಹೇಳಿದರು. ಎದುರು ತಂಡದ ಕೋಚ್ ಮಾತಾಡಿದರೆ ಅಂಪೈರುಗಳು ನಗುತ್ತಾ ಉತ್ತರ ಕೊಡುತ್ತಾರೆ. ಇವರ ಇಂಗ್ಲಿಷ್ ಕೇಳಿದ ಕೂಡಲೇ ಮುಖ ಬಿಗಿಯಾಗುತ್ತದೆ. ಇದು ನಿಮ್ಮ ಭ್ರಮೆ ಅಂತ ನಾನು ಹೇಳಲಿಲ್ಲ. ಹೊರದೇಶದಲ್ಲಿ 15 ವರ್ಷ ಕಳೆದವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅದಕ್ಕೆ ಬೇರೆ ದಾರಿ ಇದೆ. ದಿನಾಂಕ, ಆಟ, ಆಡಿದ ಮಾತು, ಕೇಳಿಸಿಕೊಂಡವರು ಯಾರು, ಇಷ್ಟನ್ನು ಮಾರನೇ ದಿನವೇ ಪಂದ್ಯ ನಡೆಸುವ ಲೀಗಿಗೆ ಬರೆದು ಕೊಡಿ ಅಂದೆ. ಆ ಸಿಟ್ಟನ್ನೂ ಬಾಲ್-ಸ್ಟ್ರೈಕಿನ ಸಿಟ್ಟನ್ನೂ ಒಟ್ಟಿಗೆ ಹದಿನಾರರ ಹುಡುಗನ ಮೇಲೆ ಸುರಿದರೆ ಎರಡೂ ಯಾರಿಗೂ ಕೇಳಿಸುವುದಿಲ್ಲ.

ಮೊದಲ ಕೆಲಸ ಕ್ಷಮೆ ಕೇಳುವುದು, ಅದೂ ಮಗಳನ್ನಲ್ಲ, ಅಂಪೈರನ್ನು. ಅವನಿನ್ನೂ ಚಿಕ್ಕವನು, ಹಾಗಾಗಿ ಲೀಗಿನವರ ಮೂಲಕ ಕೇಳಿಕೊಂಡು, ಅವನ ತಂದೆ ಅಥವಾ ತಾಯಿ ಜೊತೆಗಿರುವಾಗ ಹೋಗಬೇಕು. ಎರಡೇ ವಾಕ್ಯ ಸಾಕು. "ಆದರೆ" ಅನ್ನುವ ಮಾತು ಬರಬಾರದು. ಮೂರನೇ ಸ್ಟ್ರೈಕಿನ ನಿಯಮದ ಸುದ್ದಿ ಎತ್ತಲೇಬಾರದು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನಾವು ನಾಲ್ಕು ಸಲ ಅಭ್ಯಾಸ ಮಾಡಿದೆವು, ನಾಲ್ಕು ಸಲವೂ "ಆದರೆ" ನುಸುಳಿತು. ಐದನೇ ಸಲ ಬರಲಿಲ್ಲ.

ಎರಡನೆಯದು ಮೈದಾನದಲ್ಲಿ ಮಾತಾಡುವ ರೀತಿ. ಬಾಲ್-ಸ್ಟ್ರೈಕ್ ಅಂಪೈರಿನ ಕಣ್ಣಿಗೆ ಬಿಟ್ಟ ವಿಷಯ, ಅದರ ಮೇಲೆ ದೂರು ನಡೆಯುವುದಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ನಿಯಮವನ್ನೇ ತಪ್ಪಾಗಿ ಹಚ್ಚಿದರೆ ಮಾತ್ರ ಕೇಳಬಹುದು, ಅದೂ ಮುಂದಿನ ಚೆಂಡು ಎಸೆಯುವ ಮೊದಲು. 'ಟೈಮ್' ಕೇಳಿ, ಕೊಟ್ಟ ಮೇಲೆ ನಡೆದುಕೊಂಡು ಹೋಗಿ, ಓಡಬೇಡಿ. ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಕೈ ಹಿಂದಕ್ಕೆ ಕಟ್ಟಿಕೊಳ್ಳಿ. "ನೀವು ಏನು ನೋಡಿದಿರಿ?" ಅಂತ ಶುರು ಮಾಡಿ. ಇದನ್ನು ಮೊದಲು ಕನ್ನಡದಲ್ಲಿ ಹೇಳಿಸಿದೆ. ಅವರ ಕನ್ನಡದಲ್ಲಿ ಚಿಕ್ಕವರಿಗೂ 'ನೀವು' ತಾನಾಗಿ ಬರುತ್ತಿತ್ತು, ದನಿಯೂ ತಗ್ಗುತ್ತಿತ್ತು. ಅದೇ ದನಿಯನ್ನು ಇಂಗ್ಲಿಷಿಗೂ ತರಲು ಹೇಳಿದೆ. ಮೊದಲ ಮೂರು ಪಂದ್ಯ ಮಾತ್ರ ಅಂಪೈರ್ ಹತ್ತಿರ ಸಹಾಯಕ ಕೋಚ್ ಮಾತಾಡಲಿ, ನೀವು ಬೇಡ ಅಂತಲೂ ಹೇಳಿದೆ.

ಮೂರನೆಯದನ್ನು ಅವರು ನಿರೀಕ್ಷಿಸಿರಲಿಲ್ಲ. ನ್ಯೂಜೆರ್ಸಿಯ ಡೆಪ್ಟ್‌ಫರ್ಡ್ ಅನ್ನುವ ಊರಿನ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ಸಂಘ) 2023ರಲ್ಲಿ ಒಂದು ನಿಯಮ ಮಾಡಿತು. ಅಂಪೈರನ್ನು ಬೈದ ಪ್ರೇಕ್ಷಕರು ತಾವೇ ಮೂರು ಪಂದ್ಯಕ್ಕೆ ಅಂಪೈರ್ ಆಗಬೇಕು, ಅಲ್ಲಿಯವರೆಗೆ ಮೈದಾನಕ್ಕೆ ಬರುವ ಹಾಗಿಲ್ಲ. ಇದನ್ನು ಹೇಳಿ, ಶಿಕ್ಷೆ ಅಂತಲ್ಲ, ನಿಮ್ಮ ತಂಡದ ಅಭ್ಯಾಸ ಪಂದ್ಯಕ್ಕೇ ನೀವು ಅಂಪೈರ್ ಆಗಿ ಅಂದೆ.

ಹೋದರು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕ್ಯಾಚರ್ ಹಿಂದೆ ಬಗ್ಗಿ ನಿಂತರು. ಅರ್ಧ ಗಂಟೆಯಲ್ಲಿ ಬೆನ್ನು ನೋವು. ಚೆಂಡು ಕೈಬಿಟ್ಟಾಗಿನಿಂದ ಗ್ಲೌಸಿಗೆ ಬೀಳುವ ತನಕ ಒಂದು ಕ್ಷಣವೂ ಇಲ್ಲ, ಅಷ್ಟರಲ್ಲಿ ಹೇಳಿಬಿಡಬೇಕು. ಎರಡು ತೀರ್ಪು ತಪ್ಪಾಯಿತು ಅಂತ ಅವರೇ ಒಪ್ಪಿಕೊಂಡರು. "ಸಿರಿ ಚೆಂಡು ಪ್ಲೇಟಿನ ಹತ್ತಿರ ಬರೋ ಹೊತ್ತಿಗೆ ಕೆಳಗೆ ಇಳೀತಿದೆ ಮೇಡಂ. ಅಲ್ಲಿ ನಿಂತ ಮೇಲೆ ಕಾಣಿಸ್ತು." ಮರುದಿನದಿಂದ ಮನೆಯ ಹಿತ್ತಲಲ್ಲಿ 40 ಅಡಿ ಅಳೆದು ಇಬ್ಬರೂ ಅಭ್ಯಾಸ ಶುರು ಮಾಡಿದರು. ಮಾತು ಮತ್ತೆ ಶುರುವಾದದ್ದು ಅಲ್ಲೇ, ಚೆಂಡು ಹಿಡಿಯುವ ಬೆರಳುಗಳ ಬಗ್ಗೆ.

ಸಿರಿಯ ವಿಷಯದಲ್ಲಿ ನಾನು ಹೇಳಿದ್ದು ಕಮ್ಮಿ. ಪಂದ್ಯ ಮುಗಿಸಿ ಕಾರಿನಲ್ಲಿ ಬರುವಾಗ ಆಟದ ಮಾತು ಅವಳೇ ಎತ್ತಲಿ. ಮುಂದಿನ ಸೀಸನ್ನಿಗೆ ಅಪ್ಪ ಕೋಚ್ ಆಗಬೇಕೋ ಬೇಡವೋ ಅಂತ ಅವಳನ್ನು ಕೇಳಿ, ಏನು ಹೇಳಿದರೂ ಒಪ್ಪಿಕೊಳ್ಳಿ. ಬೇಡ ಅಂದಳು. ಮಂಜುನಾಥ್ ಈಗ ಸ್ಕೋರ್ ಬರೆಯುತ್ತಾರೆ. ಬೇಜಾರಿದೆ, ಮುಚ್ಚಿಡುವುದಿಲ್ಲ.

ಅಮೆರಿಕದ ಹೈಸ್ಕೂಲ್ ಕ್ರೀಡಾ ಒಕ್ಕೂಟವೇ ಹೇಳಿದ ಪ್ರಕಾರ 2018-19ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50,000 ರೆಫರಿ, ಅಂಪೈರುಗಳು ಕೆಲಸ ಬಿಟ್ಟರು. ಕೋವಿಡ್ ಒಂದು ಕಾರಣ. ಬೈಗುಳ ಇನ್ನೊಂದು.

ಆ ಹುಡುಗ ತನ್ನ ತಾಯಿಯ ಪಕ್ಕ ನಿಂತು ಕ್ಷಮೆ ಕೇಳಿಸಿಕೊಂಡ. "ಥ್ಯಾಂಕ್ಸ್, ಕೋಚ್" ಅಂದು ಕೈಕುಲುಕಿದ. ಆದರೆ ಆ ಸೀಸನ್ನಿನಲ್ಲಿ ಮತ್ತೆ ಅಂಪೈರ್ ಆಗಿ ಬರಲಿಲ್ಲ. ಈಗಲೂ ಪ್ರತಿ ಪಂದ್ಯದ ದಿನ ಸಿರಿ ಕಾರಿನಿಂದ ಇಳಿದ ಕೂಡಲೇ ಹೋಮ್ ಪ್ಲೇಟಿನ ಕಡೆ ನೋಡುತ್ತಾಳಂತೆ, ಮಾಸ್ಕ್ ಹಿಡಿದುಕೊಂಡು ನಿಂತವರು ಯಾರು ಅಂತ.