ಮನೆಯಲ್ಲೇ ವಾದ್ಯಸಂಗೀತದ ಆಲ್ಬಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯಾವ ಕಂಪನಿಯ ಹಂಗೂ ಇಲ್ಲದೆ ಮನೆಯಲ್ಲೇ ರೆಕಾರ್ಡ್ ಮಾಡಿ, ತಾವೇ ಆಲ್ಬಂ ಹೊರತರುವ ವಾದಕರಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹತ್ತಕ್ಕೆ ಹತ್ತು ಅಡಿಯ ಕೋಣೆಯಲ್ಲಿ ಕೊಳಲು ರೆಕಾರ್ಡ್ ಮಾಡುತ್ತಿದ್ದೇನೆ. ಕಂಡೆನ್ಸರ್ ಮೈಕ್ ಇದೆ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದರೂ ಡಬ್ಬದೊಳಗೆ ಕೂತು ನುಡಿಸಿದಂತೆ ಕೇಳಿಸುತ್ತದೆ. ಇನ್ನೂ ದುಬಾರಿ ಮೈಕ್ ಕೊಳ್ಳಬೇಕೆ?
— ಕೊಳಲು ವಾದಕರು, ಸಾಗರ

ಉತ್ತರ: ಖಂಡಿತ ಬೇಡ. ಒಳ್ಳೆಯ ಮೈಕ್ ಆ ಡಬ್ಬದ ಸದ್ದನ್ನು ಇನ್ನಷ್ಟು ಚೆನ್ನಾಗಿ ಹಿಡಿದುಕೊಡುತ್ತದೆ, ಅಷ್ಟೆ. ಮೊಟ್ಟೆ ಟ್ರೇ ತೆಳು ರಟ್ಟು. ತೀರಾ ಮೇಲಿನ ಕಂಪನಗಳನ್ನು ಒಂದಿಷ್ಟು ಹೀರುತ್ತದೆ, ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಧ್ವನಿ ಹೀರಲು ಬೇಕಾದದ್ದು ದಪ್ಪ ಮತ್ತು ತೂಕ.

ನೀವು ಎಲ್ಲಿ ಕೂರುತ್ತೀರಿ ಎಂಬುದನ್ನು ಮೊದಲು ನೋಡಿ. ಬಹಳ ಮಂದಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಕೊಳಲು ಗೋಡೆಯಿಂದ ಒಂದಡಿ ದೂರದಲ್ಲಿದ್ದರೆ, ಗೋಡೆಗೆ ಬಡಿದು ಬರುವ ಧ್ವನಿ ನೇರ ಧ್ವನಿಗಿಂತ ಸುಮಾರು ಎರಡಡಿ ಹೆಚ್ಚು ಸಾಗಿ ಮೈಕ್ ಸೇರುತ್ತದೆ. ಆಗ 280 ಹರ್ಟ್ಸ್ ಆಸುಪಾಸಿನಲ್ಲಿ, ಮತ್ತೆ 840ರ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೆಲವು ಸ್ವರ ಸೊರಗಿ, ಕೆಲವು ಉಬ್ಬಿ ಕೇಳುವುದು ಇದರಿಂದಲೇ. ಕಾರ್ಡಿಯಾಯ್ಡ್ ಮೈಕ್ ಮುಂದಿನಿಂದ ಬಂದದ್ದನ್ನು ಹಿಡಿದು ಹಿಂದಿನದನ್ನು ಬಿಡುತ್ತದೆ. ಆದ್ದರಿಂದ ಕಂಬಳಿ ಕಟ್ಟಬೇಕಾದ ಜಾಗ ಮೈಕಿನ ಹಿಂದಲ್ಲ, ನಿಮ್ಮ ಬೆನ್ನ ಹಿಂದೆ. ಗೋಡೆಯಿಂದ ಮೂರಡಿಯಾದರೂ ಮುಂದೆ ಬನ್ನಿ. ಬೆನ್ನ ಹಿಂದೆ ಹಗ್ಗ ಕಟ್ಟಿ, ಎರಡು ಮಡಿಕೆಯ ಉಣ್ಣೆಯ ಕಂಬಳಿಯನ್ನು ಗೋಡೆಗೆ ತಾಗದಂತೆ ನಾಲ್ಕೈದು ಇಂಚು ಬಿಟ್ಟು ಇಳಿಬಿಡಿ. ಆ ಸಂದಿಯ ಗಾಳಿಯಿಂದಾಗಿ ಅದೇ ಕಂಬಳಿ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಪಕ್ಕದ ಗೋಡೆಗೆ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ. ಬಳಿಕ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ‘ಝರ್ರ್’ ಎಂಬ ಬಾಲ ಇನ್ನೂ ಉಳಿದಿದ್ದರೆ ಎಲ್ಲೋ ಎದುರುಬದುರು ಗೋಡೆಗಳು ಬರಿದಾಗಿವೆ ಎಂದರ್ಥ.

ಮೈಕನ್ನು ಬಾಯಿಯ ನೇರಕ್ಕೆ ಇಡಬೇಡಿ, ಊದಿದ ಗಾಳಿ ಪೂರ್ತಿ ಅದಕ್ಕೇ ಬಡಿಯುತ್ತದೆ. ಕೊಳಲಿನ ನಾದ ಊದುವ ರಂಧ್ರದಿಂದಲೂ ತೆರೆದ ಬೆರಳು ರಂಧ್ರಗಳಿಂದಲೂ ಹೊರಬರುವುದರಿಂದ ಎರಡರ ನಡುವಿನ ಭಾಗಕ್ಕೆ ಗುರಿ ಮಾಡಿ, ಒಂದೂವರೆ ಅಡಿ ದೂರದಲ್ಲಿ, ಹಣೆಯ ಮಟ್ಟದಿಂದ ಕೆಳಮುಖವಾಗಿ ಇಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಿ ಹಿಡಿಯಬೇಕೆಂಬ ಮಟ್ಟ) ಹೊಂದಿಸುವುದು ತಾರಸ್ಥಾಯಿಯ ಅತಿ ಜೋರಾದ ಸ್ವರಕ್ಕೆ. ಅದು ಮೈನಸ್ 10 ಡೆಸಿಬೆಲ್ ದಾಟದಿರಲಿ. 24 ಬಿಟ್‌ನಲ್ಲಿ ಮೆಲ್ಲಗೆ ಬಂದದ್ದನ್ನು ಆಮೇಲೆ ಏರಿಸಬಹುದು, ಒಡೆದುಹೋದದ್ದನ್ನು ಸರಿಮಾಡಲಾಗದು.

ನಿಮ್ಮ ಊರಿಗೆ ಸಲ್ಲುವ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ಕಂಡೆನ್ಸರ್ ಮೈಕ್ ‘ಚಟಪಟ’ ಎನ್ನತೊಡಗುತ್ತದೆ. ಕೆಲಸ ಮುಗಿದೊಡನೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಸೇರಿಸಿ. ಇನ್ನು ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಯಾವ ಸಾಫ್ಟ್‌ವೇರಿನಲ್ಲೂ ಒಳ್ಳೆಯ ಮದ್ದಿಲ್ಲ. ಆಲ್ಬಂ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ಬೇರೆ ಬೇರೆ ದಿನ ನುಡಿಸಿದ ಕೊಳಲಿನ ನಾಲ್ಕು ಟ್ರ್ಯಾಕ್‌ಗಳಲ್ಲಿ ಎರಡು ತಂಬೂರಿ ಆ್ಯಪ್‌ಗೆ ಸೇರುತ್ತಿಲ್ಲ. ಕೊಳಲು ಅದೇ, ಆ್ಯಪ್ ಅದೇ.
— ಬಳ್ಳಾರಿ

ಉತ್ತರ: ಬದಲಾದದ್ದು ಬಿಸಿಲು. ಗಾಳಿ ಬಿಸಿಯಾದಂತೆ ಅದರಲ್ಲಿ ಧ್ವನಿಯ ವೇಗ ಹೆಚ್ಚುತ್ತದೆ, ಕೊಳಲಿನ ಶ್ರುತಿಯೂ ಏರುತ್ತದೆ. ಕೊಳಲೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 3 ಸೆಂಟ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರ 100 ಸೆಂಟ್). ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಎಂಟು ಡಿಗ್ರಿ ವ್ಯತ್ಯಾಸವಿದ್ದರೆ ಇಪ್ಪತ್ತು ಸೆಂಟಿನಷ್ಟು ಸರಿಯಬಹುದು. ತಂಬೂರಿಯ ಜೊತೆ ಅದು ಯಾರ ಕಿವಿಗೂ ಚುಚ್ಚುತ್ತದೆ. ತಂತಿವಾದ್ಯಗಳದ್ದು ಇದಕ್ಕೆ ತಿರುಗುಮುರುಗು: ಬಿಸಿಗೆ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕೊಳಲಿನ ಜೊತೆ ವೀಣೆಯೋ ಪಿಟೀಲೋ ಇದ್ದರೆ ಒಂದು ಮೇಲೆ, ಒಂದು ಕೆಳಗೆ ಜಗ್ಗುತ್ತದೆ.

ಪ್ರತಿದಿನ ಒಂದೇ ಹೊತ್ತಿಗೆ ಕೂರಿ. ಹತ್ತು ನಿಮಿಷ ಊದಿ ಕೊಳಲು ಬೆಚ್ಚಗಾದ ಮೇಲೆ, ಆ್ಯಪ್‌ನ ಸೆಂಟ್ ಹೊಂದಾಣಿಕೆಯನ್ನು ಕೊಳಲಿಗೆ ತಕ್ಕಂತೆ ಸರಿಪಡಿಸಿ. ಆ್ಯಪ್ ಹಿಡಿದ ಶ್ರುತಿಗೆ ತುಟಿಯಿಂದ ಕೊಳಲನ್ನು ಎಳೆಯುತ್ತ ಕೂತರೆ ನಾದ ಬಡವಾಗುತ್ತದೆ. ತಂಬೂರಿಯನ್ನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಷ್ಟೇ ಕೇಳಿ, ಮೈಕಿಗೆ ಸೋರದಂತೆ ನೋಡಿಕೊಳ್ಳಿ. ಈಗಾಗಲೇ ನುಡಿಸಿದ ಆ ಎರಡು ಟ್ರ್ಯಾಕ್‌ಗಳಲ್ಲಿ ತಂಬೂರಿ ಸೋರಿಲ್ಲದಿದ್ದರೆ ಅವನ್ನು ಅಳೆದು, ಇಡೀ ಟ್ರ್ಯಾಕನ್ನು ಒಂದೇ ಅಳತೆಯಲ್ಲಿ, ಉದಾಹರಣೆಗೆ ಮೈನಸ್ 18 ಸೆಂಟ್, ಇಳಿಸಿ ತಂಬೂರಿಯನ್ನು ಹೊಸದಾಗಿ ಸೇರಿಸಬಹುದು. ತಂಬೂರಿಯೂ ಅದೇ ಟ್ರ್ಯಾಕಿನಲ್ಲಿ ಸೋರಿದ್ದರೆ ಅದೂ ಜೊತೆಗೇ ಇಳಿಯುತ್ತದೆ. ಆಗ ಮತ್ತೆ ನುಡಿಸದೆ ದಾರಿಯಿಲ್ಲ. ಸ್ವರ ಸ್ವರವನ್ನೂ ತಾನೇ ತಿದ್ದುವ ಆಟೋಟ್ಯೂನ್ ಮಾದರಿಯ ಸಾಧನವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಗಮಕವನ್ನೂ ಮೀಂಡನ್ನೂ (ಸ್ವರದಿಂದ ಸ್ವರಕ್ಕೆ ಜಾರುವುದನ್ನು) ಅದು ತಪ್ಪೆಂದೇ ತಿಳಿದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಬಿಡುತ್ತದೆ.

ಪ್ರಶ್ನೆ: ತಬಲಾ ಸಾಥಿಯವರು ತಮ್ಮ ಮನೆಯಲ್ಲಿ ರೆಕಾರ್ಡ್ ಮಾಡಿ ಫೈಲ್ ಕಳಿಸುತ್ತಾರೆ. ನನ್ನ ಸಿತಾರಿನ ಜೊತೆ ಇಟ್ಟರೆ ಒಮ್ಮೆ ಶುರುವಿನಲ್ಲೇ ಹಿಂದೆ, ಒಮ್ಮೆ ಹೋಗ್ತಾ ಹೋಗ್ತಾ ಹಿಂದೆ.
— ಧಾರವಾಡ

ಉತ್ತರ: ಎರಡು ರೋಗ, ಎರಡು ಕಾರಣ. ಶುರುವಿನಲ್ಲೇ ಹಿಂದೆ ಬಿದ್ದರೆ ಅದು ಎಂಪಿ3 ಇರಬೇಕು. ಎಂಪಿ3 ಮಾಡುವಾಗ ಫೈಲಿನ ತಲೆಗೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ನೀವು ಕಳಿಸುವುದೂ ಅವರು ಕಳಿಸುವುದೂ ವೇವ್ ಫೈಲೇ ಆಗಿರಲಿ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅವರು ಕೇಳಿ ನುಡಿಸಲೆಂದು ನೀವು ಕಳಿಸುವ ಗೈಡ್ ಟ್ರ್ಯಾಕಿನ ಆರಂಭದಲ್ಲಿ ನಾಲ್ಕು ಮಾತ್ರೆ ಎಣಿಸಿ ಒಂದು ಚಪ್ಪಾಳೆ ಸೇರಿಸಿ. ಅವರೂ ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತ ಅದೇ ಜಾಗದಲ್ಲಿ ಚಪ್ಪಾಳೆ ತಟ್ಟಿ, ಫೈಲನ್ನು ಸೊನ್ನೆಯಿಂದಲೇ ಶುರುಮಾಡಿ ಕಳಿಸಲಿ. ಎರಡೂ ಚಪ್ಪಾಳೆಗಳ ತುದಿ ಕೂಡಿಸಿದರೆ ಸಾಕು.

ಹೋಗ್ತಾ ಹೋಗ್ತಾ ಹಿಂದೆ ಬೀಳುವುದು ಎರಡು ಯಂತ್ರಗಳ ಗಡಿಯಾರ ಒಂದೇ ಆಗಿಲ್ಲದ್ದರಿಂದ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದ ಗತ್‌ನಲ್ಲಿ 30 ಮಿಲಿಸೆಕೆಂಡ್ ಸರಿಯುತ್ತದೆ. ದ್ರುತ್‌ನಲ್ಲಿ (ವೇಗದ ಲಯದಲ್ಲಿ) ಸಮ್, ಅಂದರೆ ತಾಳದ ಮೊದಲ ಮಾತ್ರೆ, ಕೂಡುವುದಿಲ್ಲ. ಕೊನೆಯಲ್ಲೂ ಒಂದು ಚಪ್ಪಾಳೆ ತಟ್ಟಿಸಿಕೊಳ್ಳಿ. ಎರಡು ಚಪ್ಪಾಳೆಗಳ ನಡುವಿನ ಅವಧಿ ನಿಮ್ಮದಕ್ಕೆ ಸಮನಾಗುವಷ್ಟು ಅವರ ಫೈಲನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ತಬಲಾದ ಶ್ರುತಿಯೇ ಒಂದೂವರೆ ಸ್ವರಸ್ಥಾನದಷ್ಟು ತಪ್ಪಿದ್ದರೆ ಮಾತ್ರ ಬೇರೆ ಕಾರಣ: ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಒಬ್ಬರು 44.1, ಇನ್ನೊಬ್ಬರು 48 ಕಿಲೋಹರ್ಟ್ಸ್ ಇಟ್ಟುಕೊಂಡಿದ್ದು, ಸಾಫ್ಟ್‌ವೇರ್ ಅದನ್ನು ಪರಿವರ್ತಿಸದೆ ಹಾಗೇ ಓದಿದೆ.

ಪ್ರಶ್ನೆ: ನನ್ನ ಆಲ್ಬಂ ಸಿನಿಮಾ ಹಾಡುಗಳಷ್ಟು ಜೋರಾಗಿ ಕೇಳಿಸಲು ಲಿಮಿಟರ್ ಎಷ್ಟು ಒತ್ತಬೇಕು?
— ತುಮಕೂರು

ಉತ್ತರ: ಲಿಮಿಟರ್ ಎಂದರೆ ಜೋರಾದ ತುದಿಗಳನ್ನು ತಡೆದು ಒಟ್ಟು ಸದ್ದನ್ನು ಏರಿಸುವ ಸಾಧನ. ಅದನ್ನು ಒತ್ತಿ ಲಾಭವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಲಫ್ಸ್ (ಕಿವಿಗೆ ಕೇಳಿಸುವ ಸರಾಸರಿ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ನೀವು ಮೈನಸ್ 8ಕ್ಕೆ ಒತ್ತಿದ್ದನ್ನು ಅದು 6 ಡೆಸಿಬೆಲ್ ಇಳಿಸುತ್ತದೆ, ನಜ್ಜುಗುಜ್ಜಾದ ನಾದ ಹಾಗೇ ಉಳಿಯುತ್ತದೆ. ವಾದ್ಯಸಂಗೀತಕ್ಕೆ ಮೈನಸ್ 16ರಿಂದ 14ರವರೆಗೆ ಸಾಕು, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬೆಲ್ ದಾಟದಿರಲಿ. ಆಲಾಪನೆ ಮೆಲ್ಲಗೆ, ತನಿ ಆವರ್ತನ ಜೋರಾಗಿ ಇರುವುದೇ ಚಂದ. ಟ್ರ್ಯಾಕ್ ಟ್ರ್ಯಾಕಿಗೂ ಒಂದೇ ಅಂಕಿ ಹೊಂದಿಸದೆ ಇಡೀ ಆಲ್ಬಂ ಒಟ್ಟಿಗೆ ಕೇಳಿ ಮಟ್ಟ ನಿರ್ಧರಿಸಿ.

ಪ್ರಶ್ನೆ: ವೀಣೆಯಲ್ಲಿ ಮೈಸೂರು ವಾಸುದೇವಾಚಾರ್ಯರ ಮತ್ತು ಜಯಚಾಮರಾಜ ಒಡೆಯರ ಕೃತಿಗಳ ಆಲ್ಬಂ ತರಬೇಕೆಂದಿದ್ದೇನೆ. ಅನುಮತಿ ಬೇಕೆ? ಮೃದಂಗದವರಿಗೆ ಹಣ ಕೊಟ್ಟಿದ್ದೇನೆ, ಅಷ್ಟು ಸಾಕಲ್ಲವೆ?
— ಮೈಸೂರು

ಉತ್ತರ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರಚನೆಯ ಹಕ್ಕು ರಚನಕಾರರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರ ಕಾಲದಲ್ಲೇ ಪ್ರಕಟವಾದ ಕೃತಿಗಳು 2022ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಒಡೆಯರು ತೀರಿಕೊಂಡದ್ದು 1974ರಲ್ಲಿ, ಹಾಗಾಗಿ ಅವರ ಕೃತಿಗಳಿಗೆ ಕನಿಷ್ಠ 2034ರ ಕೊನೆಯವರೆಗೆ ಹಕ್ಕಿದೆ. ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ದಾಸರ ಪದಗಳ ವಿಷಯದಲ್ಲೂ ಎಚ್ಚರ ಬೇಕು: ಸಾಹಿತ್ಯ ಮುಕ್ತ, ಆದರೆ ನೀವು ನುಡಿಸುವ ಧಾಟಿಯನ್ನು ಇತ್ತೀಚಿನವರು ಹಾಕಿದ್ದರೆ ಅದು ಅವರ ರಚನೆ. ವಾದ್ಯದಲ್ಲಿ ನುಡಿಸುವಾಗ ಉಳಿಯುವುದು ಧಾಟಿಯೊಂದೇ ತಾನೆ.

ಮೃದಂಗದವರ ಮಾತು. ಹಣ ಕೊಟ್ಟರಷ್ಟೇ ಸಾಲದು. ವಾದಕರಿಗೆ ತಮ್ಮ ನುಡಿಸಾಣಿಕೆಯ ಮೇಲೆ 50 ವರ್ಷ ಪ್ರತ್ಯೇಕ ಹಕ್ಕಿದೆ. ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಯಾವ ಟ್ರ್ಯಾಕ್‌ಗಳು, ಎಷ್ಟು ಹಣ ಅಥವಾ ಪಾಲು, ಯಾವ ಯಾವ ಮಾಧ್ಯಮ, ಹೆಸರು ಹೇಗೆ ಹಾಕುವುದು. ಅವಧಿ ಮತ್ತು ಪ್ರದೇಶವನ್ನು ಮರೆಯದೆ ಬರೆಯಿರಿ. ಬರೆಯದಿದ್ದರೆ ಹಕ್ಕಿನ ವರ್ಗಾವಣೆಯನ್ನು ಕಾಯ್ದೆ 5 ವರ್ಷಕ್ಕೆ, ಭಾರತದ ಮಟ್ಟಿಗೆ ಮಾತ್ರ ಎಂದು ತಿಳಿಯುತ್ತದೆ. ನಿಮ್ಮ ಆಲ್ಬಂ ಅಂತರ್ಜಾಲದಲ್ಲಿ ಎಲ್ಲ ದೇಶಗಳಿಗೂ ಹೋಗುತ್ತದೆ. ಕೈಬರಹವಾದರೂ ಸರಿ, ಇಬ್ಬರ ಸಹಿಯೂ ಇರಲಿ.

ಪ್ರಶ್ನೆ: ನನ್ನದೇ ರಚನೆಗಳ ಆರು ಟ್ರ್ಯಾಕ್‌ಗಳನ್ನು ಡಿಸ್ಟ್ರಿಬ್ಯೂಟರ್ ಮೂಲಕ ಬಿಡುಗಡೆ ಮಾಡಿದೆ. ಒಂದೊಂದನ್ನೂ ನಾನೂರು ಸಲ ಕೇಳಿದ್ದಾರೆ. ಸ್ಪಾಟಿಫೈನಿಂದ ಒಂದು ರೂಪಾಯಿಯೂ ಬಂದಿಲ್ಲ. ಡಿಸ್ಟ್ರಿಬ್ಯೂಟರ್ ಬದಲಿಸಲೇ?
— ಹುಬ್ಬಳ್ಳಿ

ಉತ್ತರ: ಡಿಸ್ಟ್ರಿಬ್ಯೂಟರ್ ಎಂದರೆ ನಿಮ್ಮ ಟ್ರ್ಯಾಕನ್ನು ಸ್ಪಾಟಿಫೈನಂಥ ಕಡೆಗೆ ತಲುಪಿಸುವ ಸಂಸ್ಥೆ, ಅಷ್ಟೆ. ಬದಲಿಸಿದರೂ ಬರುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕ್ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡಿರಬೇಕು, ಆಮೇಲಷ್ಟೇ ಅದಕ್ಕೆ ಹಣ. ಲೆಕ್ಕ ಟ್ರ್ಯಾಕಿನದು, ಆಲ್ಬಮಿನದಲ್ಲ. 30 ಸೆಕೆಂಡಿಗೆ ಮೊದಲೇ ಬಿಟ್ಟುಹೋದದ್ದು ಎಣಿಕೆಗಿಲ್ಲ, ಆದ್ದರಿಂದ ಒಂದು ನಿಮಿಷ ಬರೀ ತಂಬೂರಿ ಇರುವ ಆರಂಭ ನಿಮಗೆ ನಷ್ಟವೇ. ಮುಂದಿನ ಆಲ್ಬಮನ್ನು ಬಿಡುಗಡೆಗೆ ನಾಲ್ಕು ವಾರ ಮೊದಲೇ ಸಲ್ಲಿಸಿ. ಸ್ಪಾಟಿಫೈನವರ ಪ್ಲೇಲಿಸ್ಟ್‌ಗೆ ಪರಿಗಣಿಸಿ ಎಂದು ಕೇಳಲು ಕನಿಷ್ಠ 7 ದಿನ ಮುಂಚಿತವಾಗಿ ಟ್ರ್ಯಾಕ್ ಅಲ್ಲಿರಬೇಕು. ಮುಖಚಿತ್ರ 3000ಕ್ಕೆ 3000 ಪಿಕ್ಸೆಲ್, ಅದರ ಮೇಲೆ ಫೋನ್ ನಂಬರೋ ವೆಬ್ ವಿಳಾಸವೋ ಇದ್ದರೆ ತಿರಸ್ಕರಿಸುತ್ತಾರೆ.

ಯಾವಾಗಲಾದರೂ ಡಿಸ್ಟ್ರಿಬ್ಯೂಟರ್ ಬದಲಿಸುವುದೇ ಆದರೆ ಪ್ರತಿ ಟ್ರ್ಯಾಕಿನ ಐಎಸ್‌ಆರ್‌ಸಿಯನ್ನು (ಆ ರೆಕಾರ್ಡಿಂಗನ್ನು ಗುರುತಿಸುವ, ಅಕ್ಷರ-ಅಂಕಿ ಸೇರಿ 12 ಸ್ಥಾನಗಳ ಸಂಕೇತ) ಬರೆದಿಟ್ಟುಕೊಂಡು ಹೊಸಬರಲ್ಲೂ ಅದನ್ನೇ ಕೊಡಿ. ಹೊಸ ಸಂಕೇತ ಪಡೆದರೆ ಇದುವರೆಗಿನ ಎಣಿಕೆ ಕೈತಪ್ಪಿ ಹೋಗಬಹುದು. ಇಂಗ್ಲಿಷಿನಲ್ಲಿ ನಿಮ್ಮ ಹೆಸರಿನ ಕಾಗುಣಿತವೂ ಎಲ್ಲೆಡೆ ಒಂದೇ ಇರಲಿ, ಇಲ್ಲವಾದರೆ ಒಬ್ಬ ಕಲಾವಿದರು ಇಬ್ಬರಾಗಿ ಕಾಣಿಸುತ್ತಾರೆ.

ರಚನೆ ನಿಮ್ಮದೇ ಆದ್ದರಿಂದ ರಚನಕಾರರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವಕ್ಕೂ ಅರ್ಜಿ ಹಾಕಿ. ಸಾಹಿತ್ಯವಿಲ್ಲದ ಸಂಗೀತ ಲೆಕ್ಕಕ್ಕೆ ಬರುವುದಿಲ್ಲ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಕಾಯ್ದೆಯ ಪ್ರಕಾರ ಸಂಗೀತ ಕೃತಿ ಎಂದರೆ ಮಾತುಗಳನ್ನು ಬಿಟ್ಟ ಸಂಗೀತವೇ. ಹೊರದೇಶದಲ್ಲಿ ಕೇಳುಗರಿದ್ದರೆ ಕೇಳುಗರಿಗೆ ನೇರವಾಗಿ ಆಲ್ಬಂ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲೂ ಇಡಿ. ಅಲ್ಲಿ ಡಿಜಿಟಲ್ ಮಾರಾಟದ ಶೇ 15ರಷ್ಟನ್ನು ಅವರು ಹಿಡಿದುಕೊಳ್ಳುತ್ತಾರೆ, ಹಣ ಪಾವತಿ ಮಾಡುವ ಸಂಸ್ಥೆಯ ಶುಲ್ಕ ಬೇರೆ. ಒಬ್ಬರು ಕೊಂಡರೂ ದುಡ್ಡು ಬರುತ್ತದೆ. ಊರಿನ ಕೇಳುಗರಿಗಾದರೆ ಕಛೇರಿ ಮುಗಿದ ಮೇಲೆ ಯುಪಿಐ ಕೋಡ್ ಇಟ್ಟು, ವೇವ್ ಫೈಲ್‌ಗಳ ಡೌನ್‌ಲೋಡ್ ಕೊಂಡಿ ಕಳಿಸುವುದು ಎಲ್ಲಕ್ಕಿಂತ ಸಲೀಸು.