ಅಡ್ಡಿಗಳೆಲ್ಲ ದೇವರ ಸೂಚನೆಯೇ?

ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು ನಿದ್ರೆ ಬರುವುದಿಲ್ಲವೆಂದು ನನ್ನ ಬಳಿ ಬಂದರು. ಮಾತು ಬೆಳೆದಂತೆ ಅದರ ಹಿಂದಿನ ಸಂಕಟ ಹೊರಬಂತು. ವಾರಕ್ಕೊಮ್ಮೆ ನಡೆಯುವ ಸಾಮೂಹಿಕ ಪ್ರಾರ್ಥನೆಗೆ ತಿಂಗಳುಗಳಿಂದ ಹೋಗಲು ಅವರಿಗೆ ಆಗಿರಲಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಹಾಸಿಗೆ ಹಿಡಿದ ಅತ್ತೆಗೆ ವಾಂತಿ. ಇನ್ನೊಂದು ವಾರ ಬಸ್ ಬರಲಿಲ್ಲ. ಮತ್ತೊಂದು ವಾರ ಅತ್ತೆಯನ್ನು ನೋಡಿಕೊಳ್ಳುವ ಸಹಾಯಕಿ ಹೇಳದೆ ರಜೆ ಹಾಕಿದರು. "ದೇವರಿಗೇ ನಾನು ಬರುವುದು ಬೇಡವೇನೋ ಮೇಡಂ. ಇಲ್ಲದಿದ್ದರೆ ಅದೇ ದಿನ ಏಕೆ ಹೀಗಾಗಬೇಕು?" ಎಂದು ಅತ್ತರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರ ಧರ್ಮವನ್ನು ಬೇಕೆಂದೇ ಹೇಳಿಲ್ಲ. ಇದೇ ಮಾತನ್ನು ಬೇರೆ ಬೇರೆ ಧರ್ಮದವರ ಬಾಯಿಂದ ಕೇಳಿದ್ದೇನೆ.

ದೇವರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವ ಅಧಿಕಾರ ಆಪ್ತಸಲಹೆಗಾರರಿಗಿಲ್ಲ. ಒಳ್ಳೆಯ ಉದ್ದೇಶದಿಂದಲೂ ಆ ಗೆರೆ ದಾಟಬಾರದೆಂಬುದು ನನ್ನ ದೃಢ ಅಭಿಪ್ರಾಯ. ಹಾಗಾಗಿ ಆ ಪ್ರಶ್ನೆಯನ್ನು ಅವರು ಗೌರವಿಸುವ ಧರ್ಮಗುರುಗಳ ಮುಂದಿಡಲು ಹೇಳಿದೆ. ಆದರೆ "ಅದೇ ದಿನ" ಎಂಬುದನ್ನು ನಾವಿಬ್ಬರೂ ಕುಳಿತು ಪರೀಕ್ಷಿಸಬಹುದಿತ್ತು. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾ ವಿಧಾನದ ತಿರುಳೇ ಇದು: ಮನಸ್ಸನ್ನು ಕೊರೆಯುವ ಯೋಚನೆಯೊಂದಿಗೆ ವಾದಕ್ಕಿಳಿಯದೆ, ಅದನ್ನು ಒಂದು ಊಹೆಯೆಂದು ಭಾವಿಸಿ ನಿಜಜೀವನದಲ್ಲಿ ಒರೆಗೆ ಹಚ್ಚುವುದು.

ಪ್ರತಿ ವಾರ ಎರಡು ದಿನಗಳ ಬಗ್ಗೆ ಬರೆದಿಡಲು ತಿಳಿಸಿದೆ. ಒಂದು ಪ್ರಾರ್ಥನೆಯ ದಿನ, ಇನ್ನೊಂದು ಬ್ಯಾಂಕ್ ಅಥವಾ ಔಷಧಿಯಂಥ ಕೆಲಸಕ್ಕೆ ಹೊರಗೆ ಹೋಗುವ ದಿನ. ಹೊರಡುವಾಗ ಏನು ಅಡ್ಡಿ ಬಂತು, ಆಮೇಲೆ ತಾವೇನು ಮಾಡಿದರು, ಇಷ್ಟೇ ಬರೆಯಬೇಕು. ಕೆಲವು ವಾರಗಳ ನಂತರ ಆ ಪುಟಗಳನ್ನು ಜೊತೆಯಲ್ಲಿ ಓದಿದೆವು. ಬ್ಯಾಂಕಿನ ದಿನವೂ ಬಸ್ ತಪ್ಪಿತ್ತು, ಅತ್ತೆಯ ಬಟ್ಟೆ ಬದಲಿಸಬೇಕಾಗಿ ಬಂದಿತ್ತು, ಸಹಾಯಕಿ ತಡವಾಗಿ ಬಂದಿದ್ದರು. ಆದರೂ ಬ್ಯಾಂಕಿನ ಕೆಲಸ ಮುಗಿದಿತ್ತು, ಸಂಜೆಯೊಳಗೆ ಆ ಅಡ್ಡಿಗಳು ಮರೆತೂ ಹೋಗಿದ್ದವು. ಹಂಬಲ ಹೆಚ್ಚಿದ್ದ ಕಡೆ ಎಡವಿದ ನೋವೂ ಹೆಚ್ಚು, ಆದ್ದರಿಂದ ನೆನಪಿನಲ್ಲಿ ಅದೊಂದೇ ಉಳಿದಿತ್ತು. ಅವರು ಬಹಳ ಹೊತ್ತು ಆ ಪುಟಗಳನ್ನೇ ತಿರುವಿ ಹಾಕುತ್ತಿದ್ದರು.

ಅದೇ ಪುಟಗಳಲ್ಲಿ ನಾನು ನಿರೀಕ್ಷಿಸದ ಇನ್ನೊಂದು ಸಂಗತಿಯೂ ಇತ್ತು. ಎಷ್ಟೋ ಸಲ ಅವರು ಪ್ರಾರ್ಥನಾ ಮಂದಿರದ ಬಾಗಿಲವರೆಗೂ ತಲುಪಿದ್ದರು! ಒಳಗೆ ಪ್ರಾರ್ಥನೆ ಆರಂಭವಾಗಿದೆ ಎಂದು ತಿಳಿದೊಡನೆ ಹಿಂತಿರುಗಿದ್ದರು. ಮೊದಲಿನಿಂದ ಕೊನೆಯವರೆಗೆ ಇದ್ದರೆ ಮಾತ್ರ ಹೋದಂತೆ, ನಡುವೆ ನುಗ್ಗುವುದು ಅಪಚಾರ ಎಂಬ ನಿಯಮವನ್ನು ತಮಗೆ ತಾವೇ ಹಾಕಿಕೊಂಡಿದ್ದರು. ಬಸ್ಸು ಅವರನ್ನು ತಡಮಾಡಿಸಿತ್ತು, ನಿಜ. ಮನೆಗೆ ಮರಳಿಸಿದ್ದು ಈ ನಿಯಮ. ವ್ಯಸನದಿಂದ ಹೊರಬಂದವರನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇಂಥದ್ದೇ ಮನಃಸ್ಥಿತಿಯನ್ನು ಗುರುತಿಸಿದ್ದರು: ಒಂದು ಸಣ್ಣ ತಪ್ಪಿನ ಬೆನ್ನಿಗೇ "ಇನ್ನು ಎಲ್ಲ ಮುಗಿಯಿತು" ಎಂದು ಮನಸ್ಸು ಇಡೀ ಸಂಕಲ್ಪವನ್ನೇ ಕೈಬಿಡುತ್ತದೆ. ಭಕ್ತಿಯುಳ್ಳವರಲ್ಲಿ ಇದು ಇನ್ನಷ್ಟು ಕಠೋರವಾಗಿರುವುದನ್ನು ಕಂಡಿದ್ದೇನೆ, ಕಂಡಾಗಲೆಲ್ಲ ಮರುಗಿದ್ದೇನೆ.

ತಡವಾಗಿ ಬಂದರೆ ಎಲ್ಲಿ ಕುಳಿತುಕೊಳ್ಳಬಹುದೆಂದು ಅಲ್ಲಿನ ಹಿರಿಯರನ್ನೇ ಕೇಳಿ ಎಂದೆ. ಕೇಳಲು ಅವರಿಗೆ ಎರಡು ವಾರ ಹಿಡಿಯಿತು. ಹಿಂದಿನ ಸಾಲಿನಲ್ಲಿ ಯಾವಾಗ ಬೇಕಾದರೂ ಬಂದು ಕುಳಿತುಕೊಳ್ಳಿ ಎಂಬ ಉತ್ತರ ಸಿಕ್ಕಿತು.

ಆಮೇಲೆ ಅಡ್ಡಿಗಳಿಗೆ ಮೊದಲೇ ಉತ್ತರ ಸಿದ್ಧಪಡಿಸಿಕೊಂಡೆವು. "ಬಸ್ ಬರದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತೇನೆ, ಮನೆಗೆ ಮರಳುವುದಿಲ್ಲ." "ಪ್ರಾರ್ಥನೆ ಆರಂಭವಾಗಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ." ಹೀಗೆ 'ಇದಾದರೆ ಇದು' ಎಂದು ಮುಂಚೆಯೇ ನಿಶ್ಚಯಿಸಿಕೊಳ್ಳುವ ಕ್ರಮವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅಧ್ಯಯನ ಮಾಡಿದ್ದಾರೆ. ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟಿಗೆ ನೋಡಿದಾಗ, ಗುರಿ ಮುಟ್ಟಲು ಇದು ಗಣನೀಯವಾಗಿ ನೆರವಾಗುವುದು ಕಂಡುಬಂತು. ಅಡ್ಡಿ ಎದುರಾದ ಗಳಿಗೆಯಲ್ಲಿ ಮನಸ್ಸು ಕುಗ್ಗಿರುತ್ತದೆ, ನಿರ್ಧರಿಸುವ ಭಾರ ಆಗ ಇರಬಾರದು.

ಅತ್ತೆಯ ಆರೈಕೆಗೆ ಮಾತ್ರ ಇಂಥ ವಾಕ್ಯ ಸಾಲದು, ಇನ್ನೊಬ್ಬರ ಕೈ ಬೇಕು. ಪತಿಯನ್ನು ಅವರು ಕೇಳಿಯೇ ಇರಲಿಲ್ಲ. "ಸ್ವಲ್ಪ ಸಹಾಯ ಮಾಡಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಔಷಧಿ ಎಂದು ಬರೆದು ಕೊಡಿ ಎಂದೆ. ಪತಿಯನ್ನೂ ಒಮ್ಮೆ ಕರೆಸಿದೆ. ಹೆಂಡತಿಗೆ ಪ್ರಾರ್ಥನೆಯಲ್ಲಿ ಆಸಕ್ತಿ ಹೋಗಿದೆ ಎಂದುಕೊಂಡಿದ್ದೆ ಎಂದರು ಅವರು. ಈಗ ಆ ಕೆಲವು ಗಂಟೆ ತಾಯಿಯನ್ನು ಅವರೇ ನೋಡಿಕೊಳ್ಳುತ್ತಾರೆ.

ನಿದ್ರೆಯ ವಿಷಯವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಒಪ್ಪಿಸಿದ್ದೆ. ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮೀರಿದರೆ ಅದನ್ನು ಬರೀ ನಂಬಿಕೆಯ ಸಮಸ್ಯೆಯೆಂದು ಬಿಡಬಾರದು, ಖಿನ್ನತೆ ಇದೆಯೇ ಎಂದು ವೈದ್ಯರು ನೋಡಬೇಕು.

ನಡುವೆ ಒಂದು ವಾರ ತಪ್ಪಿದಾಗ ಮತ್ತೆ ಎದೆಗುಂದಿ ಬಂದರು. ಆಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಬಗ್ಗೆ ಹೇಳಿದೆ. 96 ಮಂದಿ ಹೊಸ ಅಭ್ಯಾಸವೊಂದನ್ನು ದಿನವೂ ರೂಢಿಸಿಕೊಳ್ಳಲು ಯತ್ನಿಸಿದ್ದರು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರಲು ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ದಿನನಿತ್ಯದ ಅಭ್ಯಾಸ ಬೇರೆ, ವಾರದ ಪ್ರಾರ್ಥನೆ ಬೇರೆ ಎಂಬುದನ್ನೂ ತಿಳಿಸಿದೆ. ಆದರೂ ಆ ಮಾತು ಅವರಿಗೆ ಬೇಕಾಗಿತ್ತು.

ಈಗ ಹೆಚ್ಚಿನ ವಾರ ಹೋಗುತ್ತಾರೆ, ಹಲವು ಬಾರಿ ತಡವಾಗಿಯೇ. ಸಹಾಯಕಿ ಕೆಲಸ ಬಿಟ್ಟಿದ್ದಾರೆ, ಹೊಸಬರು ಸಿಕ್ಕಿಲ್ಲ. ಆ ಬಗ್ಗೆ ಮಾತನಾಡಲು ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬರುವವರಿದ್ದಾರೆ.